ಹೊಸ್ತಿಲಿಗೆ ಹಚ್ಚದ ಔಷಧ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಜೇವರ್ಗಿಯಲ್ಲಿ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟವರು. ತೊಗರಿಯನ್ನು ಅಂಗೈಯಲ್ಲಿ ಹಿಡಿದು ಹಸಿ ಎಷ್ಟಿದೆ ಎಂದು ಹೇಳಬಲ್ಲರು, ಅದನ್ನು ಒಪ್ಪುತ್ತೇನೆ. ಆದರೆ ತೊಗರಿ ಗೊತ್ತಿದ್ದವನಿಗೆ ಜಗತ್ತೆಲ್ಲ ಗೊತ್ತಿರುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಅವರೇ ಡಾಕ್ಟರ್, ಬದುವಿನ ಜಗಳವಾದರೆ ಅವರೇ ವಕೀಲ. ನಾವು ಅಫಜಲಪುರದಲ್ಲಿ ಮನೆ ಕಟ್ಟಿಸಲು ಹೊರಟಾಗ ಇಂಜಿನಿಯರ್ ಕೂಡ ಅವರೇ ಆದರು. ಕೊರಳಲ್ಲಿ ಲಿಂಗ, ಬಾಯಲ್ಲಿ ವಚನ, ಕಂಕುಳಲ್ಲಿ ಪಂಚಾಂಗ. ಈ ಮೂರೂ ಒಬ್ಬನೇ ಮನುಷ್ಯನ ಮೈಮೇಲೆ ಹೇಗೆ ಹೊಂದಿಕೊಂಡಿವೆ ಎಂದು ಮದುವೆಯಾದಾಗಿನಿಂದ ನೋಡುತ್ತ ಬಂದಿದ್ದೇನೆ, ಇನ್ನೂ ತಿಳಿದಿಲ್ಲ.

ನನ್ನ ಗಂಡನದು ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ. ಅಣ್ಣ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ. ನಾನೋ ಸರಕಾರಿ ಶಾಲೆಯ ಟೀಚರ್. ಒಂದು ಕ್ಲಾಸಿನ ಮಕ್ಕಳನ್ನು ಒಂದೇ ಗದರಿಕೆಯಲ್ಲಿ ಕೂರಿಸುತ್ತೇನೆ. ಭಾವ ಬಂದರೆ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ.

ಬಾಗಿಲ ಕೆಲಸಕ್ಕೆ ಗೊಬ್ಬೂರಿನ ಹಿರಿಯ ಬಡಿಗರೊಬ್ಬರನ್ನು ಗೊತ್ತುಮಾಡಿದ್ದೆವು. ಮಾತು ಕಡಿಮೆ, ಕೆಲಸ ಚೊಕ್ಕ. ಭಾವ ಜೇವರ್ಗಿಯಿಂದ ಟಂಟಂ ಗಾಡಿಯಲ್ಲಿ ಹೇರಿಸಿ ಕಳಿಸಿದ ಕಟ್ಟಿಗೆಯನ್ನು ಅವರು ಹೊರಳಿಸಿ ಹೊರಳಿಸಿ ನೋಡಿದರು. ಸಾಗವಾನಿ ಹೌದು. ಆದರೆ ಒಳಗಿನ ಕೆಂಪು ಕೆಚ್ಚು ಅರ್ಧ, ಹೊರಗಿನ ಬಿಳಿ ಮೆದು ಭಾಗ ಅರ್ಧ. ಹೊಸ್ತಿಲಿಗೆಂದು ಆರಿಸಿದ್ದ ತುಂಡಿನಲ್ಲಿ ಸಾಸಿವೆ ಕಾಳಿನಷ್ಟು ತೂತುಗಳೂ ಇದ್ದವು. ಬಡಿಗರು ಅದನ್ನು ಎತ್ತಿ ನೆಲಕ್ಕೆ ಕುಟ್ಟಿದರು. ತೂತುಗಳಿಂದ ಜೋಳದ ಹಿಟ್ಟಿನಂಥ ಪುಡಿ ಉದುರಿತು.

"ಕಟಗ್ಯಾಗ ಹುಳಾ ಹೊಕ್ಕಾವರಿ ಅಕ್ಕಾರ," ಎಂದರು. "ಅದರ ಮ್ಯಾಲ ನಿಮ್ಮದು ಎರಿ ಭೂಮಿ. ಮಳಿಗಾಲದಾಗ ಕೆಳಗಿಂದ ಗೆದ್ದಲಿ ಬ್ಯಾರೆ ಏರ್ತಾವ. ಮೂರು ದಿನಾ ಕೊಡ್ರಿ, ಔಷಧಾ ಕುಡಿಸ್ತೇನಿ."

ಅದಕ್ಕೆಂದೇ ದನದ ಡಾಕ್ಟರರಿಂದ ಒಂದು ಹಳೆಯ ಸಿರಿಂಜ್ ತಂದಿಟ್ಟುಕೊಂಡಿದ್ದರು. ಒಂದೊಂದು ತೂತಿಗೂ ಔಷಧ ಚುಚ್ಚಿ ಮೇಣದಿಂದ ಮುಚ್ಚಬೇಕು. ಆಮೇಲೆ ಎಲ್ಲಾ ಬದಿಗೂ ಎರಡು ಸಲ ಬ್ರಷ್‌ನಿಂದ ಹಚ್ಚಿ ನೆರಳಿನಲ್ಲಿ ಒಣಗಿಸಬೇಕು. ಕೊಯ್ದ ತುದಿಗಳನ್ನು ಔಷಧದಲ್ಲಿ ಅದ್ದಿಡಬೇಕು, ಏಕೆಂದರೆ ಕಟ್ಟಿಗೆ ನೀರು ಹೀರುವುದು ಅಲ್ಲಿಂದಲೇ. ಕೊನೆಗೆ ನೆಲಕ್ಕೆ ತಾಗುವ ಬದಿಗೆ ಡಾಂಬರು. ಇಷ್ಟನ್ನು ಅವರು ನನಗೆ ಬಿಡಿಸಿ ಹೇಳಿದರು, ನಾನು ಚೆನ್ನಾಗಿ ತಿಳಿದುಕೊಂಡೆ.

ಅವರು ಔಷಧದ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಭಾವ ಬಂದರು. ಮರುದಿನ ಬೆಳಿಗ್ಗೆಯೇ ಹೊಸ್ತಿಲು ಕೂಡಿಸುವ ಮುಹೂರ್ತವಂತೆ, ಅದು ತಪ್ಪಿದರೆ ಮತ್ತೆ ಎರಡು ತಿಂಗಳು ಇಲ್ಲವಂತೆ.

"ಹೊಸ್ತಲಕ್ಕ ಇಸಾ ಹಚ್ಚಾಕತ್ತೀಯೇನಲೇ? ಲಕ್ಷ್ಮಿ ದಾಟಿ ಬರೂ ಜಾಗಾ ಅದು!"

ಬಡಿಗರು ಭಾವನಿಗಿಂತ ಹತ್ತು ವರ್ಷವಾದರೂ ಹಿರಿಯರು. ಆ 'ಲೇ' ಕೇಳಿ ನನಗೆ ಮೈ ಉರಿಯಿತು.

"ಹಂಗಾರ ಪೂಜಾ ಆದಮ್ಯಾಲ ಹಚ್ತೇನ್ರಿ," ಎಂದರು ಬಡಿಗರು.

"ಪೂಜಾ ಆದ ಕಟಗೀಗಿ ಇಸಾ ಹಚ್ಚೂದು ಇನ್ನೂ ಪಾಪ."

ಅಂದರೆ ಮೊದಲೂ ಬೇಡ, ಆಮೇಲೂ ಬೇಡ. ಹುಳಗಳು ಊರೆಲ್ಲ ಹುಡುಕಿದ್ದರೂ ಇದಕ್ಕಿಂತ ಒಳ್ಳೆಯ ವಕೀಲ ಸಿಗುತ್ತಿರಲಿಲ್ಲ. ಮರುದಿನ ಹೊಸ್ತಿಲ ಕೆಳಗೆ ಹಳದಿ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ಇಟ್ಟರು, ಹಾಲು ಸುರಿದರು, ಅರಿಸಿನದ ನೀರು ಚೆಲ್ಲಿದರು. ಗೆದ್ದಲಿಗೆ ಎಲೆ ಹಾಕಿ, ಊಟ ಬಡಿಸಿ, ಬರ್ರಿ ಕೂಡ್ರಿ ಎಂದು ಕರೆದಂತಿತ್ತು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಎಲ್ಲರೂ ಹೋಳಿಗೆ ಊಟಕ್ಕೆ ಕುಳಿತಾಗ ಬಡಿಗರು ನನ್ನನ್ನು ಪಕ್ಕಕ್ಕೆ ಕರೆದರು. "ಇದು ಬಾಳಂಗಿಲ್ಲರಿ ಅಕ್ಕಾರ. ನಾಳಿಗಿ ನನ್ನ ಹೆಸರಿಗಿ ಬರ್ತದ."

"ಬರಾಕ ನಾ ಬಿಡಂಗಿಲ್ಲರಿ," ಅಂದೆ. "ಯಾರು ಕೇಳಿದ್ರೂ ಇದ್ದದ್ದು ಇದ್ದಂಗ ನಾ ಹೇಳ್ತೇನಿ."

ಅವರು ನಂಬಿದರು. ಟೀಚರ್ ಆಡಿದ ಮಾತಲ್ಲವೇ.

ಮೂರು ಮಳೆಗಾಲ ಕಳೆದವು. ಪ್ರತಿ ಶುಕ್ರವಾರ ಹೊಸ್ತಿಲು ತೊಳೆದು ಅರಿಸಿನ ಬಳಿದೆ, ಅದನ್ನು ಹಸಿ ಇಟ್ಟ ಪುಣ್ಯ ನನ್ನದೇ. ಚೌಕಟ್ಟಿನ ಮೂಲೆಯಲ್ಲಿ ಮಣ್ಣಿನ ಗೆರೆ ಎದ್ದಾಗ ನನ್ನ ಗಂಡ ಕಸಬರಿಗೆಯಿಂದ ಉಜ್ಜಿ "ಹೋತು" ಅಂದ. ಶ್ರಾವಣದ ಒಂದು ಶುಕ್ರವಾರ ಅರಿಸಿನ ಹಚ್ಚುತ್ತಿದ್ದ ನನ್ನ ಹೆಬ್ಬೆರಳು ಸೀದಾ ಒಳಗೆ ಹೋಯಿತು. ಮೇಲೆ ಹಪ್ಪಳದಷ್ಟು ಕಟ್ಟಿಗೆ ಉಳಿದಿತ್ತು, ಒಳಗೆಲ್ಲ ಮಣ್ಣು.

ಭಾವ ಬಂದು ನೋಡಿ, "ಬಡಿಗ್ಯಾ ಹಾಳ ಮಾಡ್ಯಾನ," ಎಂದು ತೀರ್ಪು ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಲ್ಲಿಗೇ ನಿಂತಿದ್ದರೆ ಅಷ್ಟೇ ಆಗುತ್ತಿತ್ತು. ಆದರೆ ಆಗ ಆಳಂದದಲ್ಲಿ ನಮ್ಮ ಜನ ಒಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಅದರ ಬಾಗಿಲು ಕಿಟಕಿಗಳೆಲ್ಲ ಇದೇ ಬಡಿಗರಿಗೆ ಎಂದು ಮಾತಾಗಿತ್ತು. ಅಷ್ಟು ದೊಡ್ಡ ಕೆಲಸ ಅವರ ಜನ್ಮದಲ್ಲಿ ಬಂದಿರಲಿಲ್ಲ, ಸಂತೆಯಲ್ಲಿ ಸಿಕ್ಕಾಗ ನನಗೆ ಅವರೇ ನಗುತ್ತ ಹೇಳಿದ್ದರು. ಭಾವ ಆ ಕಮಿಟಿಯ ಮೆಂಬರ್. ಆಳಂದದ ಇಬ್ಬರು ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ನನ್ನ ಹೊಸ್ತಿಲು ತೋರಿಸಲು ಕರೆತಂದರು. ಬೇವು ಯಾವುದು ಜಾಲಿ ಯಾವುದು ಗೊತ್ತಿಲ್ಲದ ಆ ಬಿಳಿ ಅಂಗಿಯ ದೊಡ್ಡವರು ಬಾಗಿ ನೋಡಿ ಚ್ ಚ್ ಎಂದರು.

ಬಡಿಗರನ್ನೂ ಕರೆಸಿದ್ದರು. ಅವರು ಕುಕ್ಕರಗಾಲಿನಲ್ಲಿ ಕುಳಿತು ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದರು, ನೋಡಿದರು, ಎದ್ದು ನಿಂತರು.

"ಔಷಧಾ ಬ್ಯಾಡ ಅಂದವರು ಯಾರಂತ ಅಕ್ಕಾರಿಗಿ ಗೊತ್ತದರಿ. ಅವರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಭಾವನ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ನನ್ನನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು.

"ನಮಗ ಕಟಗೀ ವಿಚಾರ ಏನ್ ತಿಳೀತದರಿ," ಅಂದೆ.

ಭಾವನನ್ನು ಕಂಡು ಇಷ್ಟು ವರ್ಷ ಹೇಸಿದ್ದನ್ನೆಲ್ಲ ಕೂಡಿಸಿದರೂ ಆ ಒಂದು ಮಾತಿಗೆ ನನ್ನ ಮೇಲೆ ನನಗಾದ ಹೇಸಿಕೆಗೆ ಸಾಟಿಯಾಗುವುದಿಲ್ಲ. ಆದರೆ ನನ್ನ ಹೇಸಿಕೆ ತೆಗೆದುಕೊಂಡು ಬಡಿಗರು ಏನು ಮಾಡಬೇಕು? ಅದೇ ವಾರ ಮಂಟಪದ ಕೆಲಸ ಬೇರೆಯವರ ಪಾಲಾಯಿತು.

ಮುಂದಿನ ಸೋಮವಾರ ಬಡಿಗರು ಯಾರೂ ಕರೆಯದೆ ಬಂದರು. "ನನ್ನ ಹೆಸರಿನ ಕೆಲಸಾ ಹಿಂಗ ಬಿಡಂಗಿಲ್ಲರಿ," ಅಂದರು. ಸೈಕಲ್ ಮೇಲೆ ಕೆಂಪು ಕೆಚ್ಚಿನ ತುಂಡೊಂದಿತ್ತು. ಮೂರು ದಿನ ನಮ್ಮ ಅಂಗಳದಲ್ಲಿ ಕುಳಿತು ಎಲ್ಲಾ ಬದಿಗೂ ಎರಡು ಸಲ ಔಷಧ ಹಚ್ಚಿದರು, ತುದಿ ಅದ್ದಿದರು, ನೆರಳಿಗಿಟ್ಟು ಒಣಗಿಸಿದರು, ಡಾಂಬರು ಬಳಿದರು, ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿದರು. ಈ ಸಲ ಭಾವ ಮುಹೂರ್ತ ಕೇಳಲಿಲ್ಲ. ಬಡಿಗರು ಮೂರೂ ದಿನ ನೀರಿನ ಬಾಟಲಿ ಮನೆಯಿಂದಲೇ ತಂದಿದ್ದರು, ನಮ್ಮಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ.

ಮೂರನೆಯ ದಿನ ಅವರು ಉಳಿ, ಕೊಡತಿ ಚೀಲಕ್ಕೆ ಹಾಕಿಕೊಳ್ಳುವಾಗ ಹತ್ತಿರ ಹೋಗಿ ಹೇಳಿದೆ: "ನಂದು ತಪ್ಪಾತ್ರಿ. ನಾ ಹೇಳಬೇಕಾಗಿತ್ತು."

ಅವರಿಗೆ ಸಿಟ್ಟು ಬರಲಿಲ್ಲ. ಚೀಲದ ಬಾಯಿ ಕಟ್ಟುತ್ತಲೇ ಅಂದರು: "ನನ್ನ ಮುಂದ ಹೇಳಿ ಏನ್ ಮಾಡೂದರಿ ಅಕ್ಕಾರ. ನನಗ ಗೊತ್ತೇ ಅದ. ಆಳಂದದವರಿಗಿ ಗೊತ್ತಿಲ್ಲ."

ಆಳಂದಕ್ಕೆ ಹೋಗುವ ಬಸ್ಸು ದಿನಾ ನಮ್ಮ ಶಾಲೆಯ ಎದುರೇ ನಿಲ್ಲುತ್ತದೆ. ಆ ಮಾತಾಗಿ ಎರಡು ವರ್ಷವಾಯಿತು. ನಾನು ಇನ್ನೂ ಹತ್ತಿಲ್ಲ.