ಕಾರಣಕ್ಕೊಂದು ಕಾಲಂ

ನಮ್ಮ ಮಾವ ಬೀಗದ ಕಾರ್ಖಾನೆಯ ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಟೈಂಕೀಪರ್ ಆಗಿದ್ದವರು. ಕೆಲಸಗಾರರಿಗೆ ಹೆಸರೂ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ಕರೆಯುತ್ತಿದ್ದದ್ದು ಮಾತ್ರ ಬಿಲ್ಲೆಯ ನಂಬರಿನಿಂದ. ಎಂಟಕ್ಕೆ ಬಂದವನು ಹಾಜರು, ಎಂಟು ದಾಟಿ ಒಂದು ನಿಮಿಷಕ್ಕೆ ಬಂದವನು ತಡ, ಅವನಿಗೆ ಕೆಂಪು ಶಾಯಿ. ನಿವೃತ್ತರಾದ ಮಾರನೆಯ ದಿನದಿಂದ ಆ ಕೆಂಪು ಶಾಯಿ ಮನೆಯ ಕಡೆ ತಿರುಗಿತು. ಹಾಲು ಎಷ್ಟು ಹೊತ್ತಿಗೆ ಬಂತು, ಪೇಪರ್ ಎಷ್ಟು ಹೊತ್ತಿಗೆ ಬಿತ್ತು, ಸೊಸೆ ಕೆಲಸದಿಂದ ಬಂದದ್ದು ಎಷ್ಟಕ್ಕೆ, ಎಲ್ಲವೂ ಕ್ಯಾಲೆಂಡರಿನ ಹಿಂಭಾಗದಲ್ಲಿ ದಾಖಲಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಕಣ್ಣಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವವಳು. ಅಲ್ಲಿನ ಡಾಕ್ಟರು ವಯಸ್ಸಾದವರಿಗೆಲ್ಲ, ದಿನಾ ಹೊರಗೆ ಕೂತು ಮರ ಹಕ್ಕಿ ನೋಡಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ, ಚಿತ್ರ ಬಿಡಿಸಿ, ಮನಸ್ಸು ಅರಳುತ್ತದೆ ಎನ್ನುತ್ತಿದ್ದರು. ಮಾವನ ಮನಸ್ಸು ಅರಳಿಸುವ ಹಂಬಲ ನನಗೇನೂ ಇರಲಿಲ್ಲ. ಅವರ ಕಣ್ಣು ನನ್ನ ಬೆನ್ನು ಬಿಟ್ಟರೆ ಸಾಕಿತ್ತು. ದಪ್ಪ ಪುಸ್ತಕ, ಒಂದು ಡಬ್ಬಿ ಬಣ್ಣದ ಪೆನ್ಸಿಲ್ ತಂದುಕೊಟ್ಟು ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿದೆ.

ಮರುದಿನ ನೋಡಿದರೆ ಪುಸ್ತಕಕ್ಕೆಲ್ಲ ಗೆರೆ ಎಳೆದಾಗಿತ್ತು. ನಂಬರ್, ಬಂದ ಹೊತ್ತು, ಹೋದ ಹೊತ್ತು. ಎದುರಿನ ಮರ ಒಂದನೇ ನಂಬರ್. ಅಳಿಲು ಏಳು. ಕಾಗೆಗಳಿಗೆ ಗುಂಪಿನ ಬಿಲ್ಲೆ. ಪೆನ್ಸಿಲುಗಳಲ್ಲಿ ಸವೆಯುತ್ತಿದ್ದದ್ದು ಕೆಂಪು ಒಂದೇ.

ಮಳೆಗಾಲದಲ್ಲಿ ಪುಟಗಳು ಕೆಂಪಾದವು. ಏಳನೇ ನಂಬರ್ ನಾಲ್ಕು ದಿನ ಹೇಳದೆ ಕೇಳದೆ ಗೈರು. ಇಂಥ ಬೇಜವಾಬ್ದಾರಿ ನೌಕರರನ್ನು ತಾವು ಕಂಡೇ ಇಲ್ಲವೆಂದು ಮಾವ ಪುಸ್ತಕ ಮುಚ್ಚಿಟ್ಟರು. ಮತ್ತೆ ಕ್ಯಾಲೆಂಡರಿನ ಹಿಂಭಾಗ ಶುರುವಾದೀತೆಂಬ ಭಯಕ್ಕೆ, ಅಳಿಲು ಬಂದಿದೆ ಎಂದು ನಾನೇ ಎರಡು ಸಲ ಸುಳ್ಳು ಹೇಳಿ ಅವರನ್ನು ಕುರ್ಚಿಗೆ ಎಳೆತಂದೆ. ಚಳಿಗಾಲದಲ್ಲಿ ಮರ ಎಲೆ ಉದುರಿಸಿತು. ‘ಒಂದನೇ ನಂಬರ್ ಕೆಲಸ ನಿಲ್ಲಿಸಿದೆ’ ಎಂದು ಬರೆದರು.

ಈ ನಿಯಮನಿಷ್ಠೆ ನಮಗೆ ನಗೆಯ ವಿಷಯ ಮಾತ್ರ ಆಗಿರಲಿಲ್ಲ. ಅತ್ತೆಗೆ ಒಬ್ಬನೇ ತಮ್ಮ. ಅದೇ ಕಾರ್ಖಾನೆಯಲ್ಲಿ ಇನ್ನೂರ ಹದಿನಾರನೇ ನಂಬರ್. ಹನ್ನೊಂದು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಒಂಬತ್ತು ದಿನ ತಡ. ಸ್ವಂತ ಬಾಮೈದ ಎಂದು ಮಾವ ಒಂದು ನಿಮಿಷವನ್ನೂ ಬಿಡಲಿಲ್ಲ, ಆ ತಮ್ಮನ ಕೆಲಸ ಹೋಯಿತು. ಆಮೇಲೆ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಾವ ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಅತ್ತೆ ಆಗ ಎದ್ದು ಒಳಗೆ ಹೋಗುತ್ತಿದ್ದರು. ನನ್ನ ಮದುವೆಯ ಗುಂಪಿನ ಫೋಟೋದಲ್ಲಿ ಅತ್ತೆಯ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಫೋಟೋದವನು ಎಷ್ಟು ಹೇಳಿದರೂ ಅವರು ಸರಿಯಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಮರ ಚಿಗುರಿತು, ಕೊಂಬೆಯ ಕವಲಿನಲ್ಲಿ ಕಂದು ಬಣ್ಣದ ಹಕ್ಕಿಯೊಂದು ಬಂದು ಕೂತಿತು. ಅದು ಹದಿನಾಲ್ಕನೇ ನಂಬರ್. ‘ಕೂತಲ್ಲೇ ಕೂತಿದೆ. ಕೆಲಸಗಳ್ಳ.’ ಹನ್ನೆರಡು ದಿನ ಅದೇ ಮಾತು, ಕೆಂಪಿನಲ್ಲಿ. ಹದಿಮೂರನೆಯ ದಿನ ಮಾವ ನನ್ನನ್ನು ಕೂಗಿದರು. ಹಕ್ಕಿ ಎದ್ದು ಹೋಗಿತ್ತು. ಅದು ಕೂತಿದ್ದ ಜಾಗದಲ್ಲಿ ಮೂರು ಪುಟ್ಟ ಬಾಯಿಗಳು ತೆರೆದುಕೊಂಡಿದ್ದವು.

ಮಾವ ಹನ್ನೆರಡು ದಿನದ ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಬಹಳ ಹೊತ್ತು ಕೂತರು. ಆಮೇಲೆ ಸ್ಕೇಲ್ ಕೇಳಿ, ಅಂಚಿನಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ ‘ಕಾರಣ’ ಎಂದು ಬರೆದರು. ಮೂವತ್ತನಾಲ್ಕು ವರ್ಷದ ಹಾಜರಿ ಪುಸ್ತಕದಲ್ಲಿ ಆ ಕಾಲಂ ಇರಲೇ ಇಲ್ಲ.

ಸಂಜೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮಾವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಆವಾಗ ನಿನ್ನ ತಮ್ಮ ಯಾಕೆ ತಡವಾಗಿ ಬರ್ತಿದ್ದ?"

ಅತ್ತೆ ತಲೆ ಎತ್ತಲಿಲ್ಲ. "ಅಮ್ಮನ್ನ ಎಬ್ಬಿಸಿ, ಮೈ ಒರೆಸಿ, ಎರಡು ತುತ್ತು ತಿನ್ನಿಸಿ ಬರ್ತಿದ್ದ. ಆ ಮನೇಲಿ ಬೇರೆ ಯಾರಿದ್ರು?"

"ನನಗೆ ಯಾರೂ ಹೇಳಲಿಲ್ಲ."

"ಅವನು ಹೇಳೋಕೆ ಬಂದಿದ್ದ. ಗೇಟಲ್ಲಿ ಮಾತು ಬೇಡ ಅಂದ್ರಿ."

ಅತ್ತೆಯ ಅಮ್ಮ ಹಾಸಿಗೆ ಹಿಡಿದದ್ದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಮನೆಯ ವಿಷಯ, ಇದು ಗೇಟಿನ ವಿಷಯ. ಎರಡನ್ನೂ ಅವರು ಎಂದೂ ಜೋಡಿಸಿ ನೋಡಿರಲಿಲ್ಲ. ಬಟಾಣಿ ಸುಲಿದು ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಅತ್ತೆಯ ಹತ್ತಿರವೇ ನಂಬರ್ ಕೇಳಿ ಫೋನ್ ಮಾಡಿದರು. ಆಡಿದ್ದು ಒಂದೇ ಮಾತು, ಭಾನುವಾರ ಹತ್ತು ಗಂಟೆಗೆ ಬಾ ಅಂತ. ಅದರಲ್ಲೂ ಹೊತ್ತು ಗೊತ್ತುಮಾಡುವುದು ಬಿಡಲಿಲ್ಲವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಭಾನುವಾರ ಹತ್ತಾಯಿತು. ಹನ್ನೊಂದಾಯಿತು. ಅತ್ತೆ ಒಳ್ಳೆಯ ಸೀರೆ ಉಟ್ಟು ಕಿಟಕಿಗೂ ಒಲೆಗೂ ಓಡಾಡುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ. ಹನ್ನೊಂದೂ ನಲವತ್ತಕ್ಕೆ, ಅರ್ಧ ನೆರೆತ ತಲೆಯ ಗಂಡಸೊಬ್ಬರು ಬಾಗಿಲಲ್ಲಿ ನಿಂತು, ಬಸ್ಸು ಕೆಟ್ಟು ನಿಂತಿತ್ತು ಎಂದು ವಿವರಿಸಲು ಹೊರಟರು. ಮಾವ ಅವರ ಕೈ ಹಿಡಿದು ಒಳಗೆ ಕರೆದುಕೊಂಡರು. ಅತ್ತೆ ಅಳುತ್ತಲೇ ಊಟಕ್ಕೆ ತಟ್ಟೆ ಹಾಕಿದರು, ನಾನೂ ಅತ್ತುಬಿಟ್ಟೆ.

ಅವರು ಹೋದ ಮೇಲೆ, ಹಾಳು ಬುದ್ಧಿ, ಪುಸ್ತಕ ತೆರೆದು ನೋಡಿದೆ. ಒಂದನೇ ನಂಬರ್, ಹಾಜರು. ಏಳು, ಗೈರು, ಕಾರಣ ಗೊತ್ತಿಲ್ಲ, ವಿಚಾರಿಸಬೇಕು. ಅದರ ಕೆಳಗೆ ನಂಬರ್ ಇಲ್ಲದ ಒಂದು ಸಾಲಿತ್ತು: ಬಾಮೈದ. ಬಂದ. ಹನ್ನೊಂದು ವರ್ಷ ತಡ. ಕಾರಣದ ಕಾಲಮ್ಮಿನಲ್ಲಿ ‘ನಾನು’ ಎಂದು ಬರೆದಿದ್ದರು.