ಕೆಂಪು ದಾರದ ಅಧ್ಯಾಯ

ಕಿರಿಸೊಸೆಗೆ ತನ್ನ ಓರಗಿತ್ತಿಯನ್ನು ಕಂಡರೆ ಆಗದು. ಆಗದು ಅಂದರೆ, ಮುಖ ನೋಡಿದರೆ ಮೈ ಉರಿಯುವಷ್ಟು. ಇಬ್ಬರೂ ಮಾವನ ಲಾಂಡ್ರಿಯಲ್ಲೇ ದುಡಿಯುವವರು. ಕಿರಿಯಳು ಮುಂದುಗಡೆ ಇಸ್ತ್ರಿ ಮೇಜಿನಲ್ಲಿ, ಹಿರಿಯಳು ಹಿಂದುಗಡೆ ಒಗೆಯುವ ತೊಟ್ಟಿಯಲ್ಲಿ. ಮಾತು ಬಿಟ್ಟು ಆರು ವರ್ಷ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಾರೆ. ಕಾಲರಿನ ಕೊಳೆ ಹಾಗೇ ಇದೆ ಎಂದು ಇವಳು ಗೋಡೆಗೆ ಅಂದರೆ, ಕಣ್ಣಿಗೆ ಪೊರೆ ಬಂದವರಿಗೆ ಹಾಗೇ ಕಾಣುತ್ತೆ ಎಂದು ಅವಳು ಬಕೆಟ್ಟಿಗೆ ಅನ್ನುತ್ತಾಳೆ.

ಇಂಥ ಕಿರಿಯಳು ಫೋನಿನಲ್ಲಿ ಕಥೆ ಬರೆಯುತ್ತಾಳೆಂದರೆ ನಗಬೇಡಿ. ಸಂಜೆಯ ಧಾರಾವಾಹಿಯೊಂದರಲ್ಲಿ ಇಬ್ಬರು ಓರಗಿತ್ತಿಯರು ಹಾವು ಮುಂಗುಸಿಯಂತೆ ಕಚ್ಚಾಡುತ್ತಾರಲ್ಲ, ಅವರನ್ನೇ ಎತ್ತಿಕೊಂಡು, ಒಬ್ಬರಿಗೊಬ್ಬರು ಪ್ರಾಣ ಕೊಡುವ ಅಕ್ಕತಂಗಿಯರನ್ನಾಗಿ ಮಾಡಿ, ಬೇರೆಯದೇ ಕಥೆ ಹೆಣೆಯುತ್ತಾಳೆ. ಮೂವತ್ತೆಂಟು ಅಧ್ಯಾಯವಾಯಿತು. ಆ ಧಾರಾವಾಹಿಯ ಅಭಿಮಾನಿಗಳು ಸಾವಿರಗಟ್ಟಲೆ ಓದುತ್ತಾರೆ. ತನ್ನ ಹೆಸರು ಮಾತ್ರ ಹಾಕಿಲ್ಲ. ಮನೆಯಲ್ಲಿ ವಿಷ ಕಾರುವ ನಾಲಿಗೆ ಅಲ್ಲಿ ಜೇನು ಸುರಿಸುತ್ತದೆ.

ಹಗೆಯ ಬೇರು ಗಿರಾಕಿಯೊಬ್ಬರ ಮದುವೆಯ ಕೋಟು. ಆಗ ಇಬ್ಬರೂ ಇಸ್ತ್ರಿ ಮೇಜಿನಲ್ಲೇ ಇದ್ದರು. ಯಾರು ಇಸ್ತ್ರಿ ಮಾಡಿದರೋ ಅವರು ಬಟ್ಟೆಯ ಮೊದಲ ಗುಂಡಿಗೆ ತಮ್ಮ ಬಣ್ಣದ ದಾರ ಕಟ್ಟಬೇಕು, ಅದು ಮಾವನ ಕಟ್ಟಪ್ಪಣೆ. ಹಿರಿಯಳದು ಕೆಂಪು, ಕಿರಿಯಳದು ಹಸಿರು. ಕೋಟು ಸುಟ್ಟವಳು ಕಿರಿಯಳು. ಯಾರೂ ಇಲ್ಲದಾಗ ಹಸಿರು ಬಿಚ್ಚಿ ಕೆಂಪು ಕಟ್ಟಿದಳು. ಮಾವ ದಾರ ನೋಡಿದರು, ಹಿರಿಯಳನ್ನು ತೊಟ್ಟಿಗೆ ಅಟ್ಟಿದರು. ಅವಳು ನಾನಲ್ಲ, ನಾನಲ್ಲ ಎಂದು ಒಂದು ವಾರ ಹೇಳಿ, ಕೊನೆಗೆ ತನ್ನ ಕೈಯನ್ನೇ ಅನುಮಾನಿಸಿ ಸುಮ್ಮನಾದಳು. ಇನ್ನಾದರೂ ನೋಡಿ ಮಾಡಲಿ ಎಂದು ಕಿರಿಯಳು ಕುಟುಕಿದ ದಿನವೇ ಮಾತು ನಿಂತಿತು. ತಪ್ಪು ತನ್ನದಾದರೂ ಇವಳಿಗೆ ಸಿಟ್ಟು ಅವಳ ಮೇಲೇ. ಒಗೆಯುವ ಸೋಡಾದ ನೀರಿಗೆ ಒಡೆದ ಅವಳ ಅಂಗೈ ದಿನವೂ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೆ.

ಮೂವತ್ತೊಂಬತ್ತನೆಯದಕ್ಕೆ ಏನೂ ತೋಚದೆ ಆ ಕೋಟನ್ನೇ ಕಥೆಗೆ ಎಳೆತಂದಳು. ತಂಗಿ ಕೋಟು ಸುಡುತ್ತಾಳೆ. ಅಕ್ಕ ತಾನಾಗಿಯೇ ಹಸಿರು ದಾರ ಬಿಚ್ಚಿ ತನ್ನ ಕೆಂಪು ದಾರ ಕಟ್ಟಿ, ತಪ್ಪನ್ನು ತಲೆಯ ಮೇಲೆ ಹೊರುತ್ತಾಳೆ. ಬರೆಯುತ್ತ ಅತ್ತಳು, ಓದಿದವರೂ ಅತ್ತರು.

ಮೂರನೇ ದಿನ ಖಾಯಂ ಗಿರಾಕಿ ನರ್ಸಮ್ಮ ಬಂದವಳೇ ಫೋನು ತೆಗೆದು, ಇದನ್ನು ಯಾರೋ ನಿಮ್ಮಂಗಡಿ ನೋಡಿಯೇ ಬರೆದಿದ್ದಾರೆ, ದಾರ ಕಟ್ಟುವುದು ಊರಲ್ಲಿ ನೀವೊಬ್ಬರೇ ಎಂದು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ತೊಟ್ಟಿಯ ಸದ್ದು ನಿಂತಿತು. ಕಿರಿಯಳು ಇಸ್ತ್ರಿಯಾದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡತೊಡಗಿದಳು. ವಿಷಯ ಹೊರಬಿದ್ದರೆ ಮೇಜು ಹೋಗುತ್ತದೆ.

ನರ್ಸಮ್ಮ ಹೋದ ಮೇಲೆ ಹಿರಿಯಳು ಕೈ ಒರೆಸುತ್ತ ಮುಂದೆ ಬಂದಳು. ಈ ಸಲ ಗೋಡೆ ನೋಡಲಿಲ್ಲ.

"ಆರು ವರ್ಷ ನನ್ ಕೈನೇ ಬೈಕೊಂಡಿದ್ದೆ," ಎಂದಳು.

ಅದು ಬರೀ ಕಥೆ, ಯಾರೋ ಬರೆದದ್ದು ಎಂದು ಕಿರಿಯಳು ತಡವರಿಸಿದಳು.

"ಹಸಿರು ಬಿಚ್ಚಿದ್ದು ನಿನ್ನ ಬಿಟ್ಟು ಯಾರಿಗೆ ಗೊತ್ತು?" ಹಿರಿಯಳು ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ಅಕ್ಕ ತಾನಾಗೇ ಕಟ್ಟಿದ್ಲು ಅಂತ ಬರ್ದಿದ್ದೀಯ. ಅವತ್ತು ಒಂದ್ ಮಾತು ಕೇಳಿದ್ದಿದ್ರೆ, ನಾನೇ ಕಟ್ತಿದ್ದೆ ಕಣೇ. ಈಗ ಮೇಜು ಬಿಡು."

ಕಿರಿಯಳು ತೊಟ್ಟಿಯ ಕಡೆ ನಡೆದಳು.