ಫ್ರಾನ್ಸಿನ ಕ್ಯಾಮೆರಾಕ್ಕೆ ಎಳೆದ ವಿಭೂತಿ

ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ಆ ವರ್ಷಗಳಲ್ಲಿ ಲಾರಿ ಎಂಜಿನ್ನಿನ ಡೀಸೆಲ್ ಪಂಪ್ ರಿಪೇರಿ ಮಾಡುವ, ಹೊಸಪೇಟೆಯ ನನ್ನ ವರ್ಕ್‌ಶಾಪಿಗೆ ಬಿಡುವೇ ಇರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಕೈಗೆ ಬಂದ ಯಾವ ಯಂತ್ರವನ್ನೂ ಹಾಗೇ ವಾಪಸು ಕಳಿಸಿದವನಲ್ಲ. ಆ ಹೆಸರು ನಂಬಿಯೇ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರು ಒಂದು ಮಡಚುವ ಕ್ಯಾಮೆರಾ ತಂದರು. ಫ್ರಾನ್ಸಿನದಂತೆ.

"ನಮ್ಮಪ್ಪಂದು. ಮೊಮ್ಮಗಳ ಮದುವ್ಯಾಗ ಇದ್ರಾಗ ಒಂದ್ ಫೋಟೋ ತೆಗೀಬೇಕು. ಸ್ಟುಡಿಯೋದವ ಕೈ ಎತ್ತಿದ. ನೀ ಏನಂತಿ?"

"ಇಟ್ಟು ಹೋಗ್ರಿ, ಸಾವ್ಕಾರ್ರ."

ಗುಂಡಿ ಒತ್ತಿದರೆ ಮುಚ್ಚಳ ಕೆಳಗೆ ಬಾಗಿ, ಲೆನ್ಸು ಹೊತ್ತ ಕರಿ ಚರ್ಮದ ತಿದಿ ಮುಂದಕ್ಕೆ ಬರುತ್ತಿತ್ತು, ಆದರೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಳಗೊಂದು ಸಣ್ಣ ಸ್ಪ್ರಿಂಗ್ ಮುರಿದಿತ್ತು. ಬೆನ್ನಿಗೆ ಕಡಲೆಕಾಳಿನಷ್ಟು ಕೆಂಪು ಗಾಜಿನ ಕಿಂಡಿ. ರೀಲು ಸುತ್ತುವಾಗ ಎಷ್ಟನೇ ಫೋಟೋ ಎಂಬ ಅಂಕಿ ಅದರಲ್ಲಿ ಕಾಣುತ್ತದೆ. ಬ್ಯಾಟರಿ ಇಲ್ಲ, ಏನಿಲ್ಲ. ಅದನ್ನು ಮಾಡಿದವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹಳೆಯ ಪಂಪಿನ ತಂತಿ ಬಾಗಿಸಿ ಸ್ಪ್ರಿಂಗ್ ಮಾಡಿ ಕೂರಿಸಿದೆ. ಕಟ್ ಎಂದು ನಿಂತಿತು. ಸ್ಪ್ರಿಂಗಿನ ಬಿಗಿ ಉಳಿಯುತ್ತದೋ ನೋಡೋಣವೆಂದು ರಾತ್ರಿ ಬೆಂಚಿನ ಮೇಲೆ ತೆರೆದೇ ಇಟ್ಟೆ.

ಮರುದಿನ ಆಯುಧಪೂಜೆ. ಅವ್ವ ಸ್ಪ್ಯಾನರಿನಿಂದ ಹಿಡಿದು ಕಂಪ್ರೆಸರ್‌ವರೆಗೆ ಎಲ್ಲಕ್ಕೂ ವಿಭೂತಿ ಎಳೆದಳು. ಕ್ಯಾಮೆರಾದ ಲೆನ್ಸಿಗೂ ಮೂರು ಬೆರಳು.

"ಯವ್ವಾ, ಅದಕ್ಯಾಕ?"

"ನಿನ್ನ ಬೆಂಚಿನ ಮ್ಯಾಲ ಐತಿ. ಅದೇನು ಹೊರಗಿಂದೇನಲೇ, ಬಿಟ್ಟು ಮುಂದ ಹೋಗಾಕ?"

ನಗು ಬಂತು. ಸ್ಟುಡಿಯೋದವನನ್ನು ಒಂದು ಮಾತು ಕೇಳಬಹುದಿತ್ತು. ಒರೆಸುವುದಕ್ಕೂ ಅವನನ್ನು ಕೇಳಬೇಕೇ ಎಂದು, ಕೈ ಒರೆಸುವ ಕಾಟನ್ ವೇಸ್ಟನ್ನೇ ತೆಗೆದು ಒತ್ತಿ ಉಜ್ಜಿದೆ. ಅದರಲ್ಲಿ ಸಂಡೂರಿನ ಲಾರಿಗಳು ಹೊತ್ತು ತಂದ ಅದಿರಿನ ಧೂಳು ಕೂತಿರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಕಿಗೆ ಹಿಡಿದೆ. ಗಾಜಿನ ತುಂಬ ಕೂದಲೆಳೆಯಂಥ ಗೀರು.

ಸಾಹುಕಾರರು ಬಂದರು. ಸ್ಪ್ರಿಂಗ್ ನೋಡಿ ಅರಳಿದ ಮುಖ ಲೆನ್ಸು ನೋಡಿ ಬಾಡಿತು.

"ಇದೇನೋ? ಯಾರ್ ಮಾಡಿದ್ದು?"

ಅವ್ವ ಹೊರಗೆ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ಪೂಜೆಯ ನೆಪ ನಾಲಿಗೆಯ ತುದಿಗೆ ಬಂದಿತ್ತು.

"ನಾನರೀ. ಹೊಲಸು ಬಟ್ಟೀಲೆ ವರಸಿದೆ. ತಪ್ಪು ನಂದ."

"ಹೋಗ್ತದೇನು ಇದು?"

"ಇಲ್ಲರೀ."

ಅವರು ಬೈಯಲಿಲ್ಲ. ಕ್ಯಾಮೆರಾ ಮಡಚಿ, ಟವೆಲಿನಲ್ಲಿ ಸುತ್ತಿಕೊಂಡು ನಡೆದರು. ಆಮೇಲೆ ಅವರ ಮಿಲ್ಲಿನ ಲಾರಿಗಳ ಪಂಪು ಒಂದೂ ನನ್ನ ಹತ್ತಿರ ಬರಲಿಲ್ಲ.

ಎಷ್ಟೋ ದಿನದ ಮೇಲೆ ಅವ್ವ ಕೇಳಿದಳು: "ಆ ಕಂಪ್ಲಿ ಸಾವ್ಕಾರ್ರು ಈ ಕಡೆ ಹಾಯಲೇ ಇಲ್ಲಲ್ಲೋ. ನೀ ಏನರ ಅಂದೇನು?"

"ಅವ್ರಿಗೆ ದೂರ ಆಗ್ತದಬೇ," ಎಂದು ಮುಂದಿದ್ದ ಪಂಪಿನ ನಟ್ಟು ಬಿಚ್ಚತೊಡಗಿದೆ.